ಲಾರಿಯ ಬಂಪರೂ ಅಡ್ಡಬರುವ ಪ್ರಾಣಿಯೂ: ಪದಾರ್ಥದ ಆಯ್ಕೆಯನ್ನು ಕುರಿತು ಒಂದು ವಿಚಾರ

ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಡುವ ರಸ್ತೆಗಳಲ್ಲಿ ಎರಡು ಕಾಡಿನ ಕಡೆಗೆ ಸಾಗುತ್ತವೆ. ಬನಶಂಕರಿ, ಸಾರಕ್ಕಿ, ಯಲಚೇನಹಳ್ಳಿ, ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿಗಳನ್ನು ಹಾದು ಕನಕಪುರವನ್ನು ಸೇರಿ, ಅಲ್ಲಿಂದ ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳ ಮೂಲಕ ಸತ್ಯಮಂಗಲದ ಘಟ್ಟಕ್ಕೆ ಇಳಿಯುವುದು ಒಂದು. ಜಯನಗರದ ಮಗ್ಗುಲಿನಿಂದ ಹೊರಟು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ಅಂಚಿನಲ್ಲಿ ಮುಂದುವರಿದು, ಅರಕೆರೆ, ಹುಳಿಮಾವು, ಗೊಟ್ಟಿಗೆರೆಗಳನ್ನು ದಾಟಿ ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನವನ್ನು ಮುಟ್ಟುವುದು ಇನ್ನೊಂದು. ಈ ಎರಡು ರಸ್ತೆಗಳಲ್ಲಿಯೂ ಹಗಲಿರುಳೆನ್ನದೆ ಸರಕಿನ ಲಾರಿಗಳು ಸಂಚರಿಸುತ್ತವೆ. ನಗರದ ಎಲ್ಲೆಯೊಳಗೆ ಅವುಗಳಿಗೆ ಅಡ್ಡಬರುವುದು ಬೀದಿಗೆ ಬಿಟ್ಟ ಹಸು, ಎಮ್ಮೆ, ನಾಯಿಗಳು. ಮುಂದೆ ಹೋದಂತೆ ಕಾಡುಹಂದಿ, ಜಿಂಕೆ, ಕಡವೆಗಳು. ಬನ್ನೇರುಘಟ್ಟದ ಕಾಡು ಕಾವೇರಿ ವನ್ಯಧಾಮದ ಕಾಡಿಗೆ ಹೊಂದಿಕೊಂಡಿರುವುದರಿಂದ ಆನೆಯ ಹಿಂಡೂ ಈ ಸೀಮೆಗೆ ಹೊಸದಲ್ಲ.

ಇಂಥ ದಾರಿಯಲ್ಲಿ ಲಾರಿ ಓಡಿಸುವವರು ಬಂಪರನ್ನು ಬಲಪಡಿಸಲು ಬಯಸುವುದು ಸಹಜವೇ ಆಗಿದೆ. ನಡುರಾತ್ರಿಯಲ್ಲಿ ಒಂದು ಎಮ್ಮೆ ತಾಕಿ ರೇಡಿಯೇಟರು ಒಡೆದರೆ ಲಾರಿ ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ. ಸರಕು ಕೆಡುತ್ತದೆ, ಚಾಲಕನು ಕತ್ತಲೆಯಲ್ಲಿ ಒಂಟಿಯಾಗುತ್ತಾನೆ, ಎಮ್ಮೆಯನ್ನು ಕಳೆದುಕೊಂಡ ಸಂಸಾರಕ್ಕೂ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಹೋಗಿ ದಪ್ಪ ಕೊಳವೆಯನ್ನೋ ಚಾನಲನ್ನೋ ಚಾಸಿಗೆ ಬೆಸೆಸಿಕೊಳ್ಳುವ ರೂಢಿ ಬೆಳೆದಿದೆ. ‘ಯಾವುದು ಗಟ್ಟಿಯೋ ಅದೇ ಒಳ್ಳೆಯದು’ ಎಂಬುದು ಈ ರೂಢಿಯ ತಳಹದಿ. ತರಗತಿಯಲ್ಲಿ ಈ ವಿಷಯವನ್ನೆತ್ತಿದಾಗ ವಿದ್ಯಾರ್ಥಿಗಳು ಮೊದಲು ಕೊಡುವ ಉತ್ತರವೂ ಬಹುಮಟ್ಟಿಗೆ ಇದೇ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಯಂತ್ರಶಾಸ್ತ್ರದ ಮೊದಲ ಪಾಠಗಳ ಸಹಾಯದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಡಿಕ್ಕಿಯ ಲೆಕ್ಕ

ಸರಕು ತುಂಬಿದ ಒಂದು ಲಾರಿಯ ದ್ರವ್ಯರಾಶಿ ೧೬,೦೦೦ ಕಿಲೋಗ್ರಾಂ ಎಂದೂ, ಅದು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ ೧೬.೭ ಮೀಟರಿನಂತೆ, ಚಲಿಸುತ್ತಿದೆಯೆಂದೂ ಇಟ್ಟುಕೊಳ್ಳೋಣ. ಅದರ ಮುಂದೆ ೪೦೦ ಕಿಲೋಗ್ರಾಂ ತೂಗುವ ಒಂದು ಎಮ್ಮೆ ನಿಂತಿದೆ. ಡಿಕ್ಕಿಯಾದ ಕೂಡಲೆ ಎರಡೂ ಒಂದೇ ವೇಗದಿಂದ ಮುಂದೆ ಸಾಗುತ್ತವೆಯೆಂದು ಭಾವಿಸಿ ಸಂವೇಗ ಸಂರಕ್ಷಣ ನಿಯಮವನ್ನು ಅನ್ವಯಿಸಿದರೆ, ಲಾರಿಯ ವೇಗದಲ್ಲಿ ಆಗುವ ಇಳಿತ ಗಂಟೆಗೆ ಒಂದೂವರೆ ಕಿಲೋಮೀಟರು ಮಾತ್ರ. ಚಾಲಕನ ದೇಹಕ್ಕೆ ಇದು ಒಂದು ಅದಿರಾಟಕ್ಕಿಂತ ಹೆಚ್ಚಲ್ಲ. ಇದೇ ಎಮ್ಮೆ ಇದೇ ವೇಗದ ೧,೨೦೦ ಕಿಲೋಗ್ರಾಂ ಕಾರಿಗೆ ಅಡ್ಡಬಂದರೆ ಕಾರಿನ ವೇಗ ಕ್ಷಣಾರ್ಧದಲ್ಲಿ ೧೫ ಕಿಲೋಮೀಟರಿನಷ್ಟು ಕುಗ್ಗುತ್ತದೆ. ಪ್ರಾಣಿಯ ದೇಹವು ಮೂತಿಯ ಮೇಲೆ ಉರುಳಿ ಗಾಜಿನವರೆಗೆ ಬರುತ್ತದೆ. ಹೀಗಾಗಿ ಕಾರಿನ ಪ್ರಶ್ನೆ ಬೇರೆ, ಲಾರಿಯ ಪ್ರಶ್ನೆ ಬೇರೆ. ಲಾರಿಯಲ್ಲಿ ಕಾಪಾಡಬೇಕಾದದ್ದು ವೇಗದ ಇಳಿತದಿಂದ ಚಾಲಕನನ್ನಲ್ಲ. ಬಂಪರಿನ ಹಿಂದಿರುವ ರೇಡಿಯೇಟರು, ದೀಪ, ಸ್ಟಿಯರಿಂಗಿನ ಸಲಾಕೆಗಳು ಮತ್ತು ಚಾಲಕನ ಕಾಲುಗಳನ್ನು ಒಳನುಗ್ಗುವ ವಸ್ತುವಿನಿಂದ ಕಾಪಾಡಬೇಕು.

ಇನ್ನು ಶಕ್ತಿಯ ಲೆಕ್ಕ. ಮೇಲ್ಕಂಡ ಡಿಕ್ಕಿಯಲ್ಲಿ ಚಲನಶಕ್ತಿಯ ಒಂದು ಅಂಶ ಚಲನೆಯಾಗಿ ಉಳಿಯದೆ ಬಾಗುವಿಕೆ, ಒಡೆತ, ಶಾಖಗಳಾಗಿ ಮಾರ್ಪಡಲೇಬೇಕು. ಅದು ಸುಮಾರು ೫೪ ಕಿಲೋಜೂಲ್. ವೇಗವು ೩೦ ಕಿಲೋಮೀಟರಾಗಿದ್ದರೆ ಇದು ೧೩.೫ ಕಿಲೋಜೂಲಿಗೆ ಇಳಿಯುತ್ತದೆ. ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತವಾಗಿದೆ. ಈ ಶಕ್ತಿಯಲ್ಲಿ ಒಂದು ಪಾಲನ್ನು ಪ್ರಾಣಿಯ ದೇಹವೇ ಹೀರಿಕೊಳ್ಳುತ್ತದೆಂಬುದು ನಿಜ. ಆದರೆ ಮುಂದಿನ ಹೋಲಿಕೆಗಳಿಗಾಗಿ ಅದನ್ನು ಬಿಟ್ಟು, ಎಲ್ಲ ಶಕ್ತಿಯನ್ನೂ ಬಂಪರೇ ಹೊರಬೇಕೆಂದು ಎಣಿಸೋಣ. ಇದರಿಂದ ಅಂಕಿಗಳು ಹೆಚ್ಚಾಗಿ ಕಾಣುತ್ತವೆಯೇ ಹೊರತು ಪದಾರ್ಥಗಳ ತರತಮದಲ್ಲಿ ವ್ಯತ್ಯಾಸವಾಗುವುದಿಲ್ಲ.

೨. ಒಂದು ಕೊಳವೆಯ ಸಾಮರ್ಥ್ಯ

ಬಂಪರಿನ ಬೆನ್ನೆಲುಬಾಗಿ ೧೦೦ ಮಿಲಿಮೀಟರು ಅಗಲ, ಅಷ್ಟೇ ಎತ್ತರ, ೫ ಮಿಲಿಮೀಟರು ದಪ್ಪದ ಗೋಡೆಯುಳ್ಳ ಚೌಕ ಕೊಳವೆಯನ್ನು ಆರಿಸಿಕೊಳ್ಳೋಣ. ಅದು ಎಂ.ಎಸ್. ಎಂದು ಅಂಗಡಿಗಳಲ್ಲಿ ಕರೆಯುವ ಮೃದು ಉಕ್ಕಿನದಾಗಿರಲಿ. ಚಾಸಿಯ ಎರಡು ಉದ್ದ ತೊಲೆಗಳ ಮೂತಿಗೆ, ೮೫ ಸೆಂಟಿಮೀಟರು ಅಂತರದಲ್ಲಿ, ಎರಡು ಬ್ರಾಕೆಟ್ಟುಗಳ ಮೇಲೆ ಅದನ್ನು ಕೂರಿಸಲಾಗಿದೆ. ಪ್ರಾಣಿ ಸರಿಯಾಗಿ ನಡುವೆ ತಾಕುತ್ತದೆ.

ಲೋಹಕ್ಕೆ ಒಂದು ಮಿತಿಯವರೆಗೆ ಬಲ ಹಾಕಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಆ ಮಿತಿ ಮೀರಿದರೆ ಶಾಶ್ವತವಾಗಿ ಬಾಗುತ್ತದೆ. ಆ ಮಿತಿಯ ಪೀಡನವನ್ನು ಇಲ್ಲಿ ಮಣಿಬಿಂದುವೆಂದು ಕರೆಯೋಣ. ಮೃದು ಉಕ್ಕಿಗೆ ಇದು ಚದರ ಮಿಲಿಮೀಟರಿಗೆ ಸುಮಾರು ೨೫೦ ನ್ಯೂಟನ್. ಈ ಬೆಲೆಯಿಂದ ಲೆಕ್ಕ ಮಾಡಿದರೆ ನಮ್ಮ ಕೊಳವೆ ೮೦ ಕಿಲೋನ್ಯೂಟನ್, ಎಂದರೆ ಸುಮಾರು ಎಂಟು ಟನ್ ತೂಕದಷ್ಟು ಬಲಕ್ಕೆ ನಡುವಿನಲ್ಲಿ ಮಡಿಯತೊಡಗುತ್ತದೆ. ಅದು ೨೦ ಸೆಂಟಿಮೀಟರು ಒಳಕ್ಕೆ ಬಾಗುವಷ್ಟರಲ್ಲಿ ಹೀರಿಕೊಳ್ಳುವ ಶಕ್ತಿ ಬಲ ಮತ್ತು ದೂರಗಳ ಗುಣಲಬ್ಧವಾದ ೧೬ ಕಿಲೋಜೂಲ್. ನಮಗೆ ಬೇಕಾಗಿದ್ದದ್ದು ೫೪. ಅರ್ಥಾತ್, ನೋಡುವುದಕ್ಕೆ ಭಾರಿಯೆನಿಸುವ ಈ ಕೊಳವೆ ಗಂಟೆಗೆ ೩೩ ಕಿಲೋಮೀಟರಿನ ಡಿಕ್ಕಿಗೆ ಮಾತ್ರ ಸರಿಹೋಗುತ್ತದೆ.

ಈಗ ಇಮ್ಮಡಿ ಬಲದ ಉಕ್ಕನ್ನು ತರೋಣ. ಮಣಿಬಿಂದು ೫೦೦ ನ್ಯೂಟನ್ ಇರುವ ಉಕ್ಕುಗಳು ಇಂದು ಸುಲಭವಾಗಿ ದೊರೆಯುತ್ತವೆ. ಅದೇ ಅಳತೆಯ ಕೊಳವೆ ಆಗ ೧೬೦ ಕಿಲೋನ್ಯೂಟನಿಗೆ ಮಡಿಯುತ್ತದೆ. ೩೨ ಕಿಲೋಜೂಲನ್ನು ಹೀರುತ್ತದೆ. ಆದರೆ ರಕ್ಷಣೆಯ ವೇಗ ಇಮ್ಮಡಿಯಾಯಿತೆ? ಇಲ್ಲ, ೩೩ರಿಂದ ೪೬ ಕಿಲೋಮೀಟರಿಗೆ ಏರಿತು, ಅಷ್ಟೆ. ಉಕ್ಕಿನ ಬಲವನ್ನು ಎರಡರಷ್ಟು ಮಾಡುವುದೂ ವೇಗವನ್ನು ಹತ್ತರಲ್ಲಿ ಮೂರು ಪಾಲು ತಗ್ಗಿಸುವುದೂ ಫಲದಲ್ಲಿ ಒಂದೇ. ಮೊದಲನೆಯದಕ್ಕೆ ತೆರಬೇಕಾದ ಬೆಲೆ ಬೇರೆಯೂ ಉಂಟು. ಚಾಸಿಯ ಪ್ರತಿಯೊಂದು ತೊಲೆಗೆ ಮುಂಚೆ ೪೦ ಕಿಲೋನ್ಯೂಟನ್ ಬಲ ಬೀಳುತ್ತಿದ್ದಲ್ಲಿ ಈಗ ೮೦ ಬೀಳುತ್ತದೆ. ಬಂಪರು ಉಳಿದು ಚಾಸಿ ಸೊಟ್ಟಗಾಗುವ ಸಂಭವ ಇಲ್ಲಿಂದ ಆರಂಭ. ಬಂಪರನ್ನು ಅರ್ಧ ದಿನದಲ್ಲಿ ಬದಲಾಯಿಸಬಹುದು. ಚಾಸಿಯನ್ನು ನೆಟ್ಟಗೆ ಮಾಡುವುದು ವಾರಗಟ್ಟಲೆಯ ಕೆಲಸ.

ಇನ್ನೊಂದು ಮಾರ್ಗವಿದೆ. ಬಂಪರಿಗೂ ಚಾಸಿಗೂ ನಡುವಣ ಎರಡು ಬ್ರಾಕೆಟ್ಟುಗಳನ್ನು ತೆಳು ಗೋಡೆಯ ಕೊಳವೆಗಳಿಂದ ಮಾಡಿ, ಒಂದೊಂದೂ ಸುಮಾರು ೪೦ ಕಿಲೋನ್ಯೂಟನ್ ಬಲಕ್ಕೆ ಮಡಿಕೆ ಮಡಿಕೆಯಾಗಿ ೧೫ ಸೆಂಟಿಮೀಟರು ಕುಗ್ಗುವಂತೆ ರಚಿಸಿದರೆ, ಮೃದು ಉಕ್ಕಿನ ಹಳೆಯ ಕೊಳವೆಯೇ ೨೮ ಕಿಲೋಜೂಲಿನವರೆಗೆ ತಾಳುತ್ತದೆ. ರಕ್ಷಣೆಯ ವೇಗ ೪೩ ಕಿಲೋಮೀಟರಿಗೆ ಏರುತ್ತದೆ. ಚಾಸಿಯ ಮೇಲಿನ ಬಲ ಮಾತ್ರ ಹೆಚ್ಚುವುದಿಲ್ಲ. ಇಲ್ಲಿ ದುಡಿದದ್ದು ಗಟ್ಟಿತನವಲ್ಲ, ಮಣಿಯಲು ಒದಗಿಸಿದ ಜಾಗ. ಬಂಪರಿನ ಸಮಸ್ಯೆಯ ಮರ್ಮ ಇಲ್ಲಿದೆ: ಬಲವನ್ನು ಎದುರಿಸುವುದಕ್ಕಿಂತ ಅದನ್ನು ಉದ್ದವಾದ ದೂರದ ಮೇಲೆ ಹರಡುವುದು ಮುಖ್ಯ.

೩. ಪದಾರ್ಥಗಳ ಹೋಲಿಕೆ

ಈ ದೃಷ್ಟಿಯನ್ನು ಮುಂದಿಟ್ಟುಕೊಂಡು ಬಳಕೆಯಲ್ಲಿರುವ ಪದಾರ್ಥಗಳನ್ನು ನೋಡಬಹುದು. ಕೆಳಗಿನ ಬೆಲೆಗಳು ಸ್ಥೂಲವಾದವು. ಮಿಶ್ರಲೋಹದ ಜಾತಿಗೂ ತಯಾರಿಕೆಯ ಕ್ರಮಕ್ಕೂ ತಕ್ಕಂತೆ ಬದಲಾಗುತ್ತವೆ.

| ಪದಾರ್ಥ | ಸಾಂದ್ರತೆ (ಘನ ಮೀಟರಿಗೆ ಕಿಲೋಗ್ರಾಂ) | ಮಣಿಬಿಂದು (ಚದರ ಮಿಲಿಮೀಟರಿಗೆ ನ್ಯೂಟನ್) | ಮುರಿಯುವ ಮುನ್ನ ಹಿಗ್ಗುವಿಕೆ (ಶೇಕಡ) |
|---|---|---|---|
| ಮೃದು ಉಕ್ಕು | ೭,೮೫೦ | ೨೫೦ | ೨೦ಕ್ಕೂ ಮೇಲೆ |
| ಹೆಚ್ಚು ಬಲದ ಉಕ್ಕು | ೭,೮೫೦ | ೫೦೦ | ಸುಮಾರು ೧೫ |
| ತುಕ್ಕು ಹಿಡಿಯದ ಉಕ್ಕು | ೮,೦೦೦ | ೨೦೫ | ೪೦ರ ಮೇಲೆ |
| ಹದಗೊಳಿಸಿದ ಅಲ್ಯೂಮಿನಿಯಂ ಮಿಶ್ರಲೋಹ | ೨,೭೦೦ | ೨೭೫ | ಸುಮಾರು ೧೦ |
| ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ | ಸುಮಾರು ೧,೮೦೦ | ಮಣಿಯದೆ ಮುರಿಯುತ್ತದೆ | ೨ರ ಸುತ್ತಮುತ್ತ |
| ಪಾಲಿಪ್ರೊಪಿಲೀನ್ | ೯೦೦ | ೩೦ | ೧೦೦ರ ಮೇಲೆ |

ಮೊದಲ ನೋಟಕ್ಕೆ ಅಲ್ಯೂಮಿನಿಯಂ ಗೆಲ್ಲುತ್ತದೆ. ಉಕ್ಕಿನ ಮೂರನೆಯ ಒಂದು ಪಾಲು ತೂಕಕ್ಕೆ ಅದಕ್ಕೆ ಸಮಾನವಾದ ಬಲವನ್ನು ಕೊಡುತ್ತದೆ. ಕಾರಿನ ವಿಷಯದಲ್ಲಿ ಇದು ದೊಡ್ಡ ಲಾಭವೆಂದು ಒಪ್ಪಬೇಕು. ಲಾರಿಯಲ್ಲಿ ಆ ಲಾಭವೆಷ್ಟು? ನಮ್ಮ ಚೌಕ ಕೊಳವೆ ೨.೨ ಮೀಟರು ಉದ್ದವಿದ್ದರೆ ಉಕ್ಕಿನಲ್ಲಿ ಸುಮಾರು ೩೩ ಕಿಲೋಗ್ರಾಂ, ಅಲ್ಯೂಮಿನಿಯಮಿನಲ್ಲಿ ೧೧ ಕಿಲೋಗ್ರಾಂ ತೂಗುತ್ತದೆ. ಉಳಿದದ್ದು ೨೨ ಕಿಲೋಗ್ರಾಂ; ಹದಿನಾರು ಸಾವಿರದಲ್ಲಿ ಇದು ಸಾವಿರಕ್ಕೆ ಒಂದೂವರೆ ಪಾಲೂ ಅಲ್ಲ. ಇದಕ್ಕೆ ಪ್ರತಿಯಾಗಿ ಎರಡು ಕೊರತೆಗಳು ಸೇರುತ್ತವೆ. ಹೆಚ್ಚು ಬಾಗಿಸಿದರೆ ಈ ಮಿಶ್ರಲೋಹ ಉಕ್ಕಿಗಿಂತ ಬೇಗ ಸೀಳುತ್ತದೆ. ಶಾಖದಿಂದ ಹದಗೊಳಿಸಿ ಬಲ ಬರಿಸಿದ ಲೋಹವಾದ್ದರಿಂದ, ಬೆಸುಗೆ ಹಾಕಿದ ಜಾಗದ ಸುತ್ತ ಆ ಬಲ ಬಹುಮಟ್ಟಿಗೆ ನಷ್ಟವಾಗುತ್ತದೆ. ದಾರಿಯಲ್ಲಿ ಬೆಸೆದು ಸರಿಪಡಿಸಿದ ಅಲ್ಯೂಮಿನಿಯಂ ಬಂಪರನ್ನು ಹೊಸದರಂತೆಯೇ ನಂಬುವುದು ಸಲ್ಲದು.

ಗಾಜಿನ ನಾರಿನ ಪದಾರ್ಥ, ನಮ್ಮವರು ‘ಫೈಬರ್’ ಎನ್ನುವುದು, ಹಗುರ, ತುಕ್ಕಿನ ಭಯವಿಲ್ಲ. ಆದರೆ ಅದು ಬಾಗಿ ಮಣಿಯುವ ಸ್ವಭಾವದ್ದಲ್ಲ, ಸೀಳಿ ಚೂರಾಗುತ್ತದೆ. ವಿಶೇಷವಾಗಿ ರಚಿಸಿದ ನಾರಿನ ಕೊಳವೆಗಳು ಪುಡಿಯಾಗುತ್ತಲೇ ಬಹಳ ಶಕ್ತಿಯನ್ನು ಹೀರಬಲ್ಲವು ಎಂಬುದು ನಿಜವಾದರೂ, ಸಾಮಾನ್ಯ ಹೊದಿಕೆಯಾಗಿ ಎರಕ ಹೊಯ್ದ ಫೈಬರಿನಿಂದ ಆ ಗುಣವನ್ನು ನಿರೀಕ್ಷಿಸಲಾಗದು. ಪಾಲಿಪ್ರೊಪಿಲೀನಿನಂಥ ಪ್ಲಾಸ್ಟಿಕ್ಕುಗಳು ಎಷ್ಟು ಬೇಕಾದರೂ ಹಿಗ್ಗುತ್ತವೆ. ಬಲ ಮಾತ್ರ ಅತ್ಯಲ್ಪ. ಇತ್ತೀಚಿನ ಲಾರಿಗಳ ಮುಖದಲ್ಲಿ ಬಣ್ಣ ಬಳಿದ ಪ್ಲಾಸ್ಟಿಕ್ ಕಂಡಾಗ ಅದನ್ನೇ ಬಂಪರೆಂದು ತಿಳಿಯಬಾರದು. ಅದು ಹೊದಿಕೆ, ಕೆಲಸ ಮಾಡುವ ತೊಲೆ ಅದರ ಹಿಂದೆ ಇರುತ್ತದೆ.

ತುಕ್ಕು ಹಿಡಿಯದ ಉಕ್ಕಿನ ತನ್ಯತೆ ಎಲ್ಲಕ್ಕಿಂತ ಮಿಗಿಲು. ಆದರೆ ಬೆಲೆಯೂ ಹೆಚ್ಚು. ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಉಳಿಯುವುದು ಅಗ್ಗವಾದ, ಊರೂರಿನಲ್ಲಿಯೂ ಬೆಸೆಯಬಲ್ಲ, ಮುರಿಯುವ ಮೊದಲು ಧಾರಾಳವಾಗಿ ಬಾಗುವ ಮೃದು ಉಕ್ಕು. ಅದಕ್ಕೆ ಇನ್ನೊಂದು ಗುಣವೂ ಉಂಟು: ಬಲವನ್ನು ಹಠಾತ್ತಾಗಿ ಪ್ರಯೋಗಿಸಿದಾಗ ಅದರ ಮಣಿಬಿಂದು ತಾನಾಗಿಯೇ ಏರುತ್ತದೆ. ಪ್ರಯೋಗಶಾಲೆಯಲ್ಲಿ ನಿಧಾನವಾಗಿ ಎಳೆದು ಅಳೆದ ಬಲಕ್ಕಿಂತ ಡಿಕ್ಕಿಯ ಗಳಿಗೆಯಲ್ಲಿ ಅದು ತೋರುವ ಬಲ ಹೆಚ್ಚು. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಈ ಗುಣ ಬಹಳ ಕಡಿಮೆ. ಮೃದು ಉಕ್ಕಿನ ಶತ್ರು ತುಕ್ಕು. ಕೊಳವೆಯ ಒಳಮೈಯಲ್ಲಿ ನೀರು ನಿಲ್ಲದಂತೆ ಕೆಳಗೆ ರಂಧ್ರವಿಟ್ಟು ಬಣ್ಣ ಬಳಿದರೆ ಅದಕ್ಕೂ ಪರಿಹಾರವಾಗುತ್ತದೆ.

೪. ಬಂಪರಿನ ಹಿಂದೆ ಮತ್ತು ಮುಂದೆ

ಪದಾರ್ಥವನ್ನು ಆರಿಸಿದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಬಂಪರು ೨೦ ಸೆಂಟಿಮೀಟರು ಬಾಗಬಹುದೆಂದು ನಾವು ಲೆಕ್ಕ ಹಾಕಿದೆವು. ಆ ೨೦ ಸೆಂಟಿಮೀಟರು ಜಾಗ ಎಲ್ಲಿದೆ? ಎಂಜಿನ್ನು ಮುಂದೆ ಚಾಚಿಕೊಂಡಿದ್ದ ಹಳೆಯ ಮಾದರಿಯ ಲಾರಿಗಳಲ್ಲಿ ಚಾಲಕನು ಬಂಪರಿನಿಂದ ಬಹು ದೂರದಲ್ಲಿ ಕುಳಿತಿರುತ್ತಿದ್ದನು. ಈಗಿನ ಚಪ್ಪಟೆ ಮುಖದ ಲಾರಿಗಳಲ್ಲಿ ಅವನ ಮೊಣಕಾಲು ಮುಂದಿನ ತಗಡಿನ ಹಿಂದೆಯೇ ಇರುತ್ತದೆ. ಇಂಥಲ್ಲಿ ಮಣಿಯುವ ಜಾಗವನ್ನು ಹಿಂದೆ ಹುಡುಕಲಾಗದು, ಮುಂದೆಯೇ ಒದಗಿಸಬೇಕು. ಆ ಕೆಲಸ ಲಾರಿಯ ತಯಾರಕನ ವಿನ್ಯಾಸಕ್ಕೆ ಸೇರಿದ್ದು. ಮಾಲೀಕನು ಬೀದಿಯಲ್ಲಿ ಬೆಸೆಸಿದ ಕಟಾಂಜನದಿಂದ ಅದು ಆಗದು. ಕೊಳವೆಯನ್ನು ಬ್ರಾಕೆಟ್ಟಿಲ್ಲದೆ ನೇರವಾಗಿ ಚಾಸಿಗೆ ಬೆಸೆದಾಗ ಇದ್ದ ಅಲ್ಪಸ್ವಲ್ಪ ಮಣಿತವೂ ಹೋಗಿ, ಪೆಟ್ಟೆಲ್ಲವೂ ಚಾಸಿಗೆ ತಾಕುತ್ತದೆ.

ಬಂಪರಿನ ಮುಂದೆ ಇರುವವರನ್ನೂ ನೆನೆಯಬೇಕು. ಘಟ್ಟವನ್ನು ಮುಟ್ಟುವ ಲಾರಿ ಅದಕ್ಕೆ ಮೊದಲು ಜಯನಗರ, ಬನಶಂಕರಿಗಳ ಜನಸಂದಣಿಯನ್ನು ದಾಟಿರುತ್ತದೆ. ಎಮ್ಮೆಗಾಗಿ ಕಟ್ಟಿದ ಗಡುಸಾದ ಕೊಳವೆ ದಾರಿಹೋಕನನ್ನೋ ಸ್ಕೂಟರಿನವನನ್ನೋ ತಾಕಿದಾಗ, ಅಗಲವಾದ ಮುಖದ ಮೇಲೆ ಹರಡಬೇಕಾದ ಬಲವನ್ನು ಒಂದು ಕಿರಿದಾದ ಗೆರೆಯ ಮೇಲೆ ಕೂಡಿಸುತ್ತದೆ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು ೨೦೦೫ರಲ್ಲಿ ಕಾರು ಮೊದಲಾದ ಹಗುರ ವಾಹನಗಳ ಮುಂಭಾಗದ ಕಟಾಂಜನಗಳಿಗೆ ನಿಯಮಗಳನ್ನು ವಿಧಿಸಿತು. ಭಾರತದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ, ತಯಾರಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಹೊರಗಿನಿಂದ ಜೋಡಿಸುವ ಇಂಥ ಕಟಾಂಜನಗಳು ಈ ಪ್ರಕರಣಕ್ಕೆ ವಿರುದ್ಧವೆಂದೂ ಅವುಗಳ ವಿಷಯದಲ್ಲಿ ಕ್ರಮ ಕೈಗೊಳ್ಳಬೇಕೆಂದೂ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ೨೦೧೭ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು.

ಆಸ್ಟ್ರೇಲಿಯದ ಭಾರಿ ಲಾರಿಗಳ ಮುಂದೆ ಕಾಣುವ ದಪ್ಪ ಕಟಾಂಜನಗಳನ್ನು ಕೆಲವರು ಉದಾಹರಿಸುವುದುಂಟು. ಅಲ್ಲಿಯ ಒಳನಾಡಿನಲ್ಲಿ ಅಡ್ಡಬರುವ ದೊಡ್ಡ ಕಾಂಗರೂ ನೂರು ಕಿಲೋಗ್ರಾಮಿಗಿಂತ ಹಗುರ. ಲಾರಿಯೋ ಅದಕ್ಕೆ ನೂರಾರು ಪಟ್ಟು ಭಾರ. ರಸ್ತೆಯಲ್ಲಿ ಜನರ ಸುಳಿವಿಲ್ಲ. ಮುಂದಿನ ಊರು ನೂರಾರು ಮೈಲಿ ದೂರ. ಈ ನಾಲ್ಕರಲ್ಲಿ ಒಂದೂ ಕನಕಪುರದ ರಸ್ತೆಗೆ ಹೊಂದುವುದಿಲ್ಲ.

೫. ಆನೆ ಅಡ್ಡಬಂದಾಗ

ಇಲ್ಲಿಯವರೆಗಿನ ಲೆಕ್ಕ ಎಮ್ಮೆಯದು. ಕಾಟಿ ಎಂದು ಕರೆಯುವ ಕಾಡುಕೋಣ ಇದರ ಎರಡರಷ್ಟು ತೂಗಬಹುದು. ನಾಲ್ಕು ಸಾವಿರ ಕಿಲೋಗ್ರಾಮಿನ ಆನೆಗೆ ಅದೇ ಲಾರಿ ೬೦ ಕಿಲೋಮೀಟರು ವೇಗದಲ್ಲಿ ತಾಕಿದರೆ ವ್ಯಯವಾಗಬೇಕಾದ ಶಕ್ತಿ ೪೪೪ ಕಿಲೋಜೂಲ್. ನಮ್ಮ ಕೊಳವೆಯ ಸಾಮರ್ಥ್ಯದ ಇಪ್ಪತ್ತೇಳು ಪಟ್ಟಿಗೂ ಮೇಲು. ಅದಕ್ಕಿಂತ ಮುಖ್ಯವಾಗಿ, ಬಂಪರು ತಾಕುವುದು ಆನೆಯ ಕಾಲಿಗೆ. ಅದರ ಒಡಲು ಇರುವುದು ಚಾಲಕನ ಗಾಜಿನ ಎತ್ತರದಲ್ಲಿ. ಆದ್ದರಿಂದ ಬಂಪರು ವಜ್ರದ್ದಾದರೂ ಇಲ್ಲಿ ಕೆಲಸಕ್ಕೆ ಬಾರದು. ಬನ್ನೇರುಘಟ್ಟದ ಸೀಮೆಯಲ್ಲಿ ಸೆರೆಹಿಡಿದು ನಾಗರಹೊಳೆಯ ಮತ್ತಿಗೋಡು ಶಿಬಿರದಲ್ಲಿ ಪಳಗಿಸಿದ್ದ ರಂಗನೆಂಬ ಆನೆ ೨೦೧೮ರ ಅಕ್ಟೋಬರಿನಲ್ಲಿ, ಶಿಬಿರದ ಬಳಿಯ ಹೆದ್ದಾರಿಯಲ್ಲಿ, ರಾತ್ರಿ ಓಡುತ್ತಿದ್ದ ಬಸ್ಸಿನ ಡಿಕ್ಕಿಯಿಂದ ಸತ್ತಿತು. ಇಂಥ ಸಂದರ್ಭಕ್ಕೆ ಯಾವ ಪದಾರ್ಥದಲ್ಲಿಯೂ ಉತ್ತರವಿಲ್ಲ. ಉತ್ತರವಿರುವುದು ಸಂಚಾರದ ಕ್ರಮದಲ್ಲಿ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಂಚಾರವನ್ನು ನಿರ್ಬಂಧಿಸಲಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೦ರಲ್ಲಿ ಇದನ್ನು ಎತ್ತಿಹಿಡಿಯಿತು. ಕನಕಪುರದ ರಸ್ತೆ ಕೊನೆಗೆ ಇಳಿಯುವ ಸತ್ಯಮಂಗಲದ ಕಾಡಿನಲ್ಲಿಯೂ ೨೦೨೨ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ರಾತ್ರಿಯ ಸಂಚಾರಕ್ಕೆ ಕಟ್ಟುಪಾಡು ಹಾಕಿತು.

೬. ಐದು ಕಿಲೋಮೀಟರಿನ ಬೆಲೆ

ನಿರ್ಬಂಧವಿಲ್ಲದ ರಸ್ತೆಯಲ್ಲಿ ಚಾಲಕನ ಕೈಯಲ್ಲಿರುವುದೇನು? ಇದಕ್ಕೂ ಒಂದು ಲೆಕ್ಕವಿದೆ. ತಗ್ಗಿಸಿದ ದೀಪದ ಬೆಳಕಿನಲ್ಲಿ ೪೫ ಮೀಟರು ದೂರದಲ್ಲಿ ಎಮ್ಮೆ ಕಂಡಿತೆಂದು ಭಾವಿಸೋಣ. ಕಂಡು ಬ್ರೇಕು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಒತ್ತಿದ ಮೇಲೆ ವೇಗವು ಸೆಕೆಂಡಿಗೆ ೪.೫ ಮೀಟರಿನಂತೆ ತಗ್ಗುತ್ತದೆ. ಗಂಟೆಗೆ ೬೦ ಕಿಲೋಮೀಟರಿನ ಲಾರಿ ಬ್ರೇಕು ಹಿಡಿಯುವ ಮೊದಲೇ ೨೫ ಮೀಟರು ಸಾಗಿರುತ್ತದೆ. ಉಳಿದ ೨೦ ಮೀಟರಿನಲ್ಲಿ ಅದರ ವೇಗ ೩೬ಕ್ಕೆ ಇಳಿದು ಡಿಕ್ಕಿಯಾಗುತ್ತದೆ. ಆಗಿನ ಶಕ್ತಿ ೧೯ ಕಿಲೋಜೂಲ್, ನಮ್ಮ ಕೊಳವೆಯ ಮಿತಿಗಿಂತ ಸ್ವಲ್ಪ ಹೆಚ್ಚು. ಮೊದಲ ವೇಗ ೫೫ ಆಗಿದ್ದರೆ ಡಿಕ್ಕಿಯ ವೇಗ ೨೧. ಶಕ್ತಿ ೭ ಕಿಲೋಜೂಲಿಗಿಂತ ಕಡಿಮೆ. ಮೊದಲ ವೇಗ ೫೦ ಆಗಿದ್ದರೆ ಲಾರಿ ಎಮ್ಮೆಗಿಂತ ಎರಡೂವರೆ ಮೀಟರಿಗೂ ಹಿಂದೆಯೇ ನಿಲ್ಲುತ್ತದೆ, ಡಿಕ್ಕಿಯೇ ಇಲ್ಲ.

ಐದೈದು ಕಿಲೋಮೀಟರಿನ ಎರಡು ಮೆಟ್ಟಲುಗಳಲ್ಲಿ ಹತ್ತೊಂಬತ್ತು ಏಳಾಗಿ, ಏಳು ಶೂನ್ಯವಾಯಿತು. ಯಾವ ಮಿಶ್ರಲೋಹವನ್ನು ತಂದರೂ ಇಂಥ ಇಳಿತವನ್ನು ಸಾಧಿಸಲಾಗುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮತ್ತು ಮೊದಲೆರಡು ಸಂದರ್ಭಗಳಲ್ಲಿ ಬಂಪರು ಕಾಪಾಡುವುದು ಲಾರಿಯನ್ನು ಮಾತ್ರ. ಮೂರನೆಯದರಲ್ಲಿ ಎಮ್ಮೆಯೂ ಮನೆ ಸೇರುತ್ತದೆ.

ಈ ವಿಚಾರದ ಸಾರಾಂಶ ಇಷ್ಟು. ಲಾರಿಯ ಬಂಪರಿಗೆ ಮೃದು ಉಕ್ಕು ತಕ್ಕ ಪದಾರ್ಥ. ಅದು ಎಲ್ಲಕ್ಕಿಂತ ಗಟ್ಟಿಯೆಂದಲ್ಲ, ಒಡೆಯದೆ ಮಣಿಯುತ್ತದೆ ಮತ್ತು ಎಲ್ಲಿ ಬೇಕಾದರೂ ದುರಸ್ತಿಯಾಗುತ್ತದೆ ಎಂಬ ಕಾರಣದಿಂದ. ತಯಾರಕನು ಕೊಟ್ಟ ಬಂಪರನ್ನು ಹಾಗೆಯೇ ಉಳಿಸಿಕೊಂಡು, ಬ್ರಾಕೆಟ್ಟುಗಳ ಬೋಲ್ಟುಗಳನ್ನು ನೋಡಿಕೊಂಡು, ತುಕ್ಕನ್ನು ತಡೆಯುವುದು ಮಾಲೀಕನ ಕೆಲಸ. ಚಾಸಿಗಿಂತ ಮೊದಲು ಮಣಿಯುವ ಬ್ರಾಕೆಟ್ಟನ್ನು ರಚಿಸುವುದು ವಿನ್ಯಾಸಕಾರನ ಕೆಲಸ. ನಮ್ಮ ವಿದ್ಯಾರ್ಥಿಗಳು ಇದನ್ನೇ ಒಂದು ಅಭ್ಯಾಸವಾಗಿ ಕೈಗೊಳ್ಳಬಹುದು: ತೆಳು ಗೋಡೆಯ ಚಿಕ್ಕ ಕೊಳವೆಗಳನ್ನು ಪರೀಕ್ಷಾ ಯಂತ್ರದಲ್ಲಿ ಉದ್ದುದ್ದಕ್ಕೆ ಒತ್ತಿ, ಬಲ ಮತ್ತು ಕುಗ್ಗಿದ ದೂರಗಳ ನಕ್ಷೆಯನ್ನು ಎಳೆದು, ಆ ಗೆರೆಯ ಕೆಳಗಿನ ಕ್ಷೇತ್ರಫಲವನ್ನು ಅಳೆಯಲಿ. ಗಟ್ಟಿಯಾದ ಕೊಳವೆಗೂ ಒಳ್ಳೆಯ ಕೊಳವೆಗೂ ಇರುವ ಅಂತರ ಆ ನಕ್ಷೆಯಲ್ಲಿ ಕಣ್ಣಿಗೆ ಕಾಣುತ್ತದೆ.